ಹುಳದ ಕಣ್ಣಿಗೂ ಸೊಪ್ಪೇ ಬೇಕು

ತೊಗರಿ ಹೂವಿಗೆ ಬಂತೆಂದರೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ಓದುಗರ ಪ್ರಶ್ನೆಗಳೆಲ್ಲ ಕಾಯಿಕೊರಕದ ಸುತ್ತಲೇ ತಿರುಗುತ್ತವೆ. ಯಾವ ಎಣ್ಣಿ (ಕೀಟನಾಶಕ) ಹೊಡೆಯಬೇಕು, ಯಾವಾಗ ಹೊಡೆಯಬೇಕು, ಬೆಳಕಿನ ಬಲೆ ಇಟ್ಟರೆ ಉಪಯೋಗ ಉಂಟೇ ಎಂದೆಲ್ಲ ಕೇಳುತ್ತಾರೆ. ಇವುಗಳ ನಡುವೆ ಇನ್ನೊಂದು ಪ್ರಶ್ನೆ ಬೇರೆ ಬೇರೆ ಮಾತಿನಲ್ಲಿ ಮತ್ತೆ ಮತ್ತೆ ಬರುತ್ತಿದೆ. ಅದನ್ನು ಎಲ್ಲರಿಗಿಂತ ಚೊಕ್ಕಟವಾಗಿ ಕೇಳಿದವರು ಸಿಂದಗಿ ಕಡೆಯ ಒಬ್ಬ ಹಿರಿಯ ರೈತರು. “ಸರ, ಗಜ್ಜರಿ ತಿನ್ರಿ, ಸೊಪ್ಪ ತಿನ್ರಿ, ಕಣ್ಣ ಚುರುಕ ಆಗ್ತಾವ ಅಂತ ನಮಗ ಹೇಳ್ತೀರಿ. ಹುಳಕ್ಕೂ ಹಂಗ ಇರಬೇಕಲ್ಲ? ಅದರ ಊಟದಾಗಿಂದ ಆ ಸತ್ವ ತಗದ್ರ ಕಣ್ಣ ಮಂಜ ಆಗೂದಿಲ್ಲೇನ್ರಿ?” ಎಂದರು. ಅಕ್ಕಪಕ್ಕದಲ್ಲಿ ಕೂತಿದ್ದವರು ನಕ್ಕರು. ನನಗೆ ನಗು ಬರಲಿಲ್ಲ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ವಿಜ್ಞಾನಿಯೊಬ್ಬರು 1960ರ ದಶಕದಲ್ಲಿ ಹೆಚ್ಚುಕಡಿಮೆ ಇದೇ ಪ್ರಶ್ನೆ ಹಿಡಿದು ನೊಣಗಳನ್ನು ಸಾಕಿದ್ದರು.

ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಹುಳದ ಊಟದಿಂದ ಆ ಸತ್ವ ತೆಗೆದರೆ ಅದರ ಕಣ್ಣು ಮಂಜಾಗುವುದು ನಿಜ, ಪ್ರಯೋಗಾಲಯದಲ್ಲಿ ಹಾಗೆ ಮಾಡಿ ತೋರಿಸಿದ್ದಾರೆ. ತೊಗರಿ ಹೊಲದಲ್ಲಿ ಮಾತ್ರ ಅದು ಆಗದ ಕೆಲಸ. ಆದರೆ ಈ ಪ್ರಶ್ನೆಯ ಬೆನ್ನು ಹತ್ತಿ ಹೋದರೆ ನಮಗೆ ತೊಂದರೆ ಕೊಡುವ ಕೀಡೆಗಿಂತ, ನಮಗೆ ಕಾಳು ಕಟ್ಟಿಸಿಕೊಡುವ ಜೇನಿನ ಬಗ್ಗೆಯೇ ಹೆಚ್ಚು ಯೋಚಿಸಬೇಕಾಗುತ್ತದೆ.

ಮನುಷ್ಯರ ಇರುಳುಗುರುಡಿನಿಂದ ಶುರುಮಾಡೋಣ. ಅದು ಬಾರದಿರಲೆಂದು ಮಗುವಿಗೆ 9 ತಿಂಗಳು ತುಂಬಿದ ಮೇಲೆ 5 ವರ್ಷದವರೆಗೆ ಆರಾರು ತಿಂಗಳಿಗೊಮ್ಮೆ ಎ ಜೀವಸತ್ವದ ಹನಿ ಹಾಕಿಸುವುದು ನಮ್ಮ ಅಂಗನವಾಡಿಗಳಿಗೆ ಬರುವ ತಾಯಂದಿರಿಗೆಲ್ಲ ಗೊತ್ತು. ಈ ಜೀವಸತ್ವ ಕಣ್ಣಿನ ಪರದೆಯಲ್ಲೇ ಇದೆ ಎಂದು 1933ರಲ್ಲಿ ಕಂಡುಕೊಂಡವರು ಜಾರ್ಜ್ ವಾಲ್ಡ್. 1967ರಲ್ಲಿ ಅವರಿಗೆ ನೊಬೆಲ್ ಬಂತು. ಕಣ್ಣಿನ ಕೋಶಗಳಲ್ಲಿ ಆಪ್ಸಿನ್ ಎಂಬ ಪ್ರೋಟೀನ್ ಇರುತ್ತದೆ. ಬೆಳಕನ್ನು ಹಿಡಿಯುವುದು ಅದರ ಮಡಿಲಲ್ಲಿ ಕೂತಿರುವ, ಎ ಜೀವಸತ್ವದಿಂದಾದ ರೆಟಿನಾಲ್ ಎಂಬ ಪುಟ್ಟ ಅಣು. ಬೆಳಕು ಬಿದ್ದೊಡನೆ ಬಾಗಿಕೊಂಡಿದ್ದ ಆ ಅಣು ನೆಟ್ಟಗಾಗುತ್ತದೆ, ಪ್ರೋಟೀನ್ ಎಚ್ಚರಗೊಳ್ಳುತ್ತದೆ, ನರಕ್ಕೆ ಸುದ್ದಿ ಹೋಗುತ್ತದೆ. ನಾವು ನೋಡುವುದೂ ಹೀಗೆ, ನೊಣ ನೋಡುವುದೂ ಹೀಗೆ, ಮಿಡತೆ ನೋಡುವುದೂ ಹೀಗೆ. ಆ ಅಣುವಿನ ಮೂಲ ಕ್ಯಾರೊಟಿನಾಯ್ಡ್ ಎಂಬ ಹಳದಿ-ಕೇಸರಿ ಬಣ್ಣಗಳು. ಗಿಡಗಳು, ಹಲವು ಶಿಲೀಂಧ್ರ, ಬ್ಯಾಕ್ಟೀರಿಯಾಗಳು ಇವನ್ನು ತಾವೇ ತಯಾರಿಸಿಕೊಳ್ಳುತ್ತವೆ. ಪ್ರಾಣಿಗಳಿಗೆ, ಒಂದೆರಡು ಅಪವಾದ ಬಿಟ್ಟರೆ, ಅದು ಬರುವುದಿಲ್ಲ. ಅವು ತಿಂದೇ ಪಡೆಯಬೇಕು.

ಹುಳ ತಿಂದ ಬಣ್ಣ ಕಣ್ಣು ಮುಟ್ಟುವ ದಾರಿಯನ್ನು ವಿಜ್ಞಾನಿಗಳು ಹಣ್ಣಿನ ನೊಣದಲ್ಲಿ ಹಂತಹಂತವಾಗಿ ಬಿಡಿಸಿದ್ದಾರೆ. ಬಾಳೆಹಣ್ಣು ಕಳಿತರೆ ಸುತ್ತ ಹಾರಾಡುವ ಅದೇ ಸಣ್ಣ ನೊಣ. ಅದರ ಕರುಳಿನಲ್ಲಿ ಬಣ್ಣವನ್ನು ಒಳಗೆ ಎಳೆದುಕೊಳ್ಳುವ ಪ್ರೋಟೀನ್ ಒಂದಿದೆ, ನೀನಾ-ಡಿ ಎಂದು ಹೆಸರು. ತಲೆಗೆ ತಲುಪಿದ ಬಣ್ಣವನ್ನು ನಡುವೆ ಕತ್ತರಿಸುವ ಕಿಣ್ವ ನೀನಾ-ಬಿ. ಎ ಜೀವಸತ್ವ ಹುಟ್ಟಿಸುವ ಈ ಕತ್ತರಿಯ ವಂಶವಾಹಿ ಹಣ್ಣಿನ ನೊಣದಲ್ಲೂ ಕೋಳಿಯಲ್ಲೂ ಗುರುತಿಗೆ ಸಿಕ್ಕಿದ್ದು 2000ನೇ ಇಸ್ವಿಯಲ್ಲಿ. ಎರಡರಲ್ಲಿ ಒಂದು ಕೆಟ್ಟರೂ ನೊಣ ಎಷ್ಟು ತಿಂದರೂ ಕಣ್ಣಿಗೆ ದಕ್ಕುವುದಿಲ್ಲ. ಹಳದಿ ಗೂಡು ಕಟ್ಟುವ ರೇಷ್ಮೆ ತಳಿಗಳಲ್ಲಿ ಹಿಪ್ಪುನೇರಳೆ ಸೊಪ್ಪಿನ ಬಣ್ಣವನ್ನು ನೂಲಿನ ಗ್ರಂಥಿಗೆ ಸೇರಿಸುವ ಪ್ರೋಟೀನ್ ಈ ನೀನಾ-ಡಿಯ ಬಳಗದ್ದೇ. ಜೇನು, ಮಿಡತೆಗಳ ಕಣ್ಣಿನಲ್ಲಿರುವುದು ನಮ್ಮಲ್ಲಿರುವ ರೆಟಿನಾಲೇ. ನೊಣ, ಚಿಟ್ಟೆ, ಪತಂಗಗಳಲ್ಲಿ ಅದು ಒಂದಿಷ್ಟು ರೂಪ ಬದಲಿಸಿಕೊಂಡಿರುತ್ತದೆ.

ಇನ್ನು ಯೇಲ್ ವಿಜ್ಞಾನಿಯ ಪ್ರಯೋಗ. ತಿಮೊಥಿ ಗೋಲ್ಡ್‌ಸ್ಮಿತ್ ಮತ್ತು ಸಂಗಡಿಗರು ಕ್ಯಾರೊಟಿನಾಯ್ಡ್ ಇಲ್ಲದ ಆಹಾರದಲ್ಲಿ ಮನೆನೊಣಗಳನ್ನು ಬೆಳೆಸಿ 1964ರಲ್ಲಿ ಫಲಿತಾಂಶ ಪ್ರಕಟಿಸಿದರು. ನೊಣಗಳು ಹುಟ್ಟಿದವು, ಬೆಳೆದವು, ಹಾರಿದವು. ಮೇಲ್ನೋಟಕ್ಕೆ ಏನೂ ಕೊರತೆ ಕಾಣಲಿಲ್ಲ. ಆದರೆ ಬೆಳಕಿಗೆ ಅವುಗಳ ಕಣ್ಣಿನ ಸೂಕ್ಷ್ಮತೆ ತೀರಾ ಕುಗ್ಗಿತ್ತು. ಮೂರು ವರ್ಷದ ನಂತರ, 1967ರಲ್ಲಿ, ತಂಬಾಕಿನ ಎಲೆ ತಿನ್ನುವ ಒಂದು ದೊಡ್ಡ ಪತಂಗದ ಸರದಿ. ಎ ಜೀವಸತ್ವದ ಕೊರತೆಯಲ್ಲಿ ಬೆಳೆದ ಪತಂಗಗಳಲ್ಲಿ ಕಣ್ಣಿನ ಪರದೆಯ ರಚನೆಯೇ ಕೆಟ್ಟಿತ್ತು. ರೇಷ್ಮೆ ಹುಳಕ್ಕೆ ಸೊಪ್ಪಿನ ಬದಲು ಬಣ್ಣವಿಲ್ಲದ ಕೃತಕ ಆಹಾರ ಕೊಟ್ಟ ಜಪಾನಿನ ವಿಜ್ಞಾನಿಗಳೂ ಬೆಳಕಿನ ಗ್ರಹಿಕೆ ಕುಗ್ಗಿದ್ದನ್ನು ಕಂಡರು. ನೊಣಗಳಲ್ಲಿ ಇನ್ನೊಂದು ಸೂಕ್ಷ್ಮವಿದೆ. ನಮ್ಮ ಕಣ್ಣಿಗೆ ಕಾಣದ ಅತಿನೇರಳೆ ಬೆಳಕನ್ನು ಹಿಡಿಯಲು ಅವುಗಳ ಕಣ್ಣಿನಲ್ಲಿ ಇದೇ ಮೂಲದ ಇನ್ನೊಂದು ಸಹಾಯಕ ಬಣ್ಣವಿರುತ್ತದೆ. ಊಟದಲ್ಲಿ ಕೊರತೆಯಾದರೆ ಮೊದಲು ಮಂಕಾಗುವುದು ಆ ಅತಿನೇರಳೆಯ ನೋಟ. ಪೂರ್ತಿ ಕುರುಡು ಎನ್ನುವಂತಿಲ್ಲ, ಕಣ್ಣು ಕುಕ್ಕುವ ಬೆಳಕಿನಲ್ಲಿ ಅವಕ್ಕೂ ಕಾಣುತ್ತದೆ. ಮಸುಕು ಹೊತ್ತಿನಲ್ಲಿ ಸೋಲುತ್ತವೆ. ನಮ್ಮ ಇರುಳುಗುರುಡು ಶುರುವಾಗುವುದೂ ಮುಸ್ಸಂಜೆಯಲ್ಲೇ.

ಹಾಗಾದರೆ ಕಾಯಿಕೊರಕಕ್ಕೆ ಇದನ್ನು ಯಾಕೆ ಮಾಡಲಾಗದು? ಒಂದು ಕೀಡೆಯನ್ನು ಅಂಗೈ ಮೇಲೆ ಇಟ್ಟುಕೊಂಡು ಭೂತಗನ್ನಡಿ ಹಿಡಿದು ನೋಡಿ. ತೊಗರಿ ಹೂವು ತಿಂದದ್ದು ಹಳದಿಗೆ ತಿರುಗಿರುತ್ತದೆ, ಎಳೆಕಾಯಿ ಕೊರೆದದ್ದು ಹಸಿರಾಗಿರುತ್ತದೆ. ತಲೆಯ ಎರಡೂ ಬದಿಯಲ್ಲಿ ಆರಾರು ಕಪ್ಪು ಚುಕ್ಕಿ ಕಾಣುತ್ತವೆ. ಅವೇ ಕೀಡೆಯ ಕಣ್ಣು. ಬೆಳಕು-ನೆರಳು, ಗಿಡದ ಕಾಂಡದ ನಿಲುವು ಇಷ್ಟು ತಿಳಿದರೆ ಅದಕ್ಕೆ ಸಾಕು. ಹೊಟ್ಟೆ ತುಂಬಿದ ಕೀಡೆ ಗಿಡದಿಂದಿಳಿದು ಎರಿ ಮಣ್ಣಿನೊಳಗೆ ಸೇರಿ ಕೋಶವಾಗುತ್ತದೆ. ಸಾವಿರಾರು ಹಲ್ಲೆಗಳ, ಅಂದರೆ ಪುಟ್ಟ ಮಸೂರಗಳ, ಪತಂಗದ ದೊಡ್ಡ ಕಣ್ಣು ರೂಪುಗೊಳ್ಳುವುದು ಆ ಕತ್ತಲಲ್ಲಿ. ಅಲ್ಲಿ ಊಟವಿಲ್ಲ. ಹೊರಬಂದ ಪತಂಗ ಕುಡಿಯುವುದು ಹೂವಿನ ಮಕರಂದ, ಅಂದರೆ ಸಕ್ಕರೆ ನೀರು. ಅದರಲ್ಲಿ ಈ ಬಣ್ಣ ಹೆಸರಿಗಷ್ಟೇ. ಆದ್ದರಿಂದ ರಾತ್ರಿ ಹಾರಿ, ಹೂವು ಹುಡುಕಿ, ಮೊಟ್ಟೆಯಿಡಲು ಬೇಕಾದ ಕಣ್ಣಿನ ಬಂಡವಾಳವೆಲ್ಲ ಕೀಡೆಯಾಗಿದ್ದಾಗ ತಿಂದ ಎಲೆ, ಹೂವು, ಕಾಯಿಯದ್ದೇ. ಸುಗ್ಗಿಯಲ್ಲಿ ಹಗೇವಿಗೆ ತುಂಬಿದ ಜೋಳವನ್ನು ಬರದ ದಿನಗಳಲ್ಲಿ ತೆಗೆದು ಉಂಡಂತೆ, ಪತಂಗ ತನ್ನ ಎಳವೆಯ ಸಂಗ್ರಹದಿಂದ ನೋಡುತ್ತದೆ.

ಆ ಸಂಗ್ರಹಕ್ಕೆ ಕೈ ಹಾಕಲು ನಮಗೆ ದಾರಿಯಿಲ್ಲ. ಹಸಿರಾಗಿರುವ ಪ್ರತಿ ಎಲೆಯಲ್ಲೂ ಪತ್ರಹರಿತ್ತಿನ ಜೊತೆಗೇ ಕ್ಯಾರೊಟಿನಾಯ್ಡ್ ಇರುತ್ತದೆ. ಬಿಸಿಲಿನ ಹೆಚ್ಚುವರಿ ಶಕ್ತಿ ಎಲೆಯನ್ನು ಸುಡದಂತೆ ಕಾಯುವುದು ಅದರ ಒಂದು ಮುಖ್ಯ ಕೆಲಸ. ಅದಿಲ್ಲದ ಸಸಿ ಬೆಳ್ಳಗೆ ಬಿಳಿಚಿ ಸಾಯುತ್ತದೆ. ಕೀಡೆಯ ಕಣ್ಣು ಮಂಜಾಗಿಸಲು ಹೊರಟರೆ ಮೊದಲು ಸಾಯುವುದು ನಮ್ಮ ತೊಗರಿ. ಸಿಂದಗಿಯ ಹಿರಿಯರಿಗೆ ಇದನ್ನೇ ಹೇಳಿದೆ. “ಹಂಗಾದ್ರ ಬಿಡ್ರಿ, ಗಿಡ ಅಲಗಾಡ್ಸಿ ಉದರ್ಸೂದ ಚಲೋ” ಎಂದರು. ಅವರ ಮಾತು ಸರಿ. ಗಿಡ ಅಲುಗಿಸಿ ಬಟ್ಟೆಯ ಮೇಲೆ ಕೀಡೆ ಉದುರಿಸುವ ಹಳೆಯ ಪದ್ಧತಿ, ಹಕ್ಕಿ ಕೂರಲು ನೆಡುವ ಕವಲು ಕೋಲು, ಮಣ್ಣೊಳಗಿನ ಕೋಶವನ್ನು ಬಿಸಿಲಿಗೆ ಎಳೆದು ಹಾಕುವ ಮಾಗಿ ಉಳುಮೆ, ಇವು ಹುಳದ ಬದುಕಿನ ದುರ್ಬಲ ಗಳಿಗೆ ನೋಡಿ ಹೊಡೆಯುವ ಉಪಾಯಗಳು. ಬೆಳಕಿನ ಬಲೆಯೂ ಕೆಲಸ ಮಾಡುತ್ತದೆ. ಎಲೆ ತಿಂದು ಬೆಳೆದ ಪತಂಗದ ಕಣ್ಣು ಚೆನ್ನಾಗಿರುವುದರಿಂದಲೇ ಅದು ದೀಪಕ್ಕೆ ಬರುತ್ತದೆ ಎಂಬುದನ್ನು ಮರೆಯಬಾರದು. ಅದನ್ನು ಮಂಜಾಗಿಸಿದರೆ ನಮ್ಮ ಬಲೆಯೇ ಖಾಲಿ ಉಳಿಯುತ್ತದೆ.

ಇದೇ ಹುಳವನ್ನು ಪ್ರಯೋಗಾಲಯದಲ್ಲಿ ಸಾಕುವವರ ಅಡುಗೆ ನೋಡಿದರೆ ವಿಷಯ ಇನ್ನಷ್ಟು ಸ್ಪಷ್ಟ. ಕಾಯಿಕೊರಕಕ್ಕೆ ರೋಗ ತರುವ ನಂಜಾಣುವನ್ನು ಬೆಳೆಸಲು ಅದನ್ನು ಸಾವಿರಗಟ್ಟಲೆ ಸಾಕಬೇಕಾಗುತ್ತದೆ. ಕಡಲೆ ಹಿಟ್ಟು, ಯೀಸ್ಟ್, ಗಟ್ಟಿಯಾಗಲು ಅಗರ್, ಜೊತೆಗೆ ಸಿ ಜೀವಸತ್ವ ಮತ್ತು ಬಹುಜೀವಸತ್ವದ ಹನಿ ಸೇರಿಸಿ ಬೇಯಿಸಿ ತಟ್ಟೆಗೆ ಸುರಿಯುತ್ತಾರೆ. ಹೊಲದಲ್ಲಿ ಎಲೆಯೊಂದರಿಂದಲೇ ಸಿಗುವುದನ್ನು ಅಲ್ಲಿ ಲೆಕ್ಕ ಹಾಕಿ ಬೆರೆಸಬೇಕು.

ಎಲೆಯಿಂದ ಕಣ್ಣು ಹೇಗೆ ಹುಟ್ಟುತ್ತದೆಂದು ಕಣ್ಣಾರೆ ನೋಡುವ ಆಸೆಯಿದ್ದವರು ಇಂಡಿಯ ಲಿಂಬೆ ತೋಟಕ್ಕೆ ಹೋಗಬೇಕು. ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಲಿಂಬೆ ಇದು. ಎಳೆ ಚಿಗುರಿನ ಮೇಲೆ ಹಕ್ಕಿ ಹಿಕ್ಕೆ ಬಿದ್ದಂತೆ ಕಂಡರೆ ಕಡ್ಡಿಯಿಂದ ಮೆಲ್ಲಗೆ ಮುಟ್ಟಿ. ಅದು ಲಿಂಬೆ ಚಿಟ್ಟೆಯ ಮರಿಹುಳ. ಮುಟ್ಟಿದೊಡನೆ ತಲೆಯ ಹಿಂದಿನಿಂದ ಎರಡು ಮೃದುವಾದ ಕೋಡು ಹೊರಚಾಚಿ ಘಾಟು ಬಿಡುತ್ತದೆ. ಬೆಳೆದಂತೆ ಹಸಿರಾಗುತ್ತದೆ, ಚಿಗುರೆಲೆಯನ್ನು ಅಂಚಿನಿಂದ ನಡುನರದವರೆಗೆ ಮೇಯುತ್ತದೆ. ಸಸಿಮಡಿ ಇಟ್ಟವರು ಇದನ್ನು ಶಪಿಸುವುದು ಸಹಜ, ಬೆಳೆದ ಗಿಡಕ್ಕೆ ಅಷ್ಟೇನೂ ನಷ್ಟವಿಲ್ಲ. ಇದರ ಹತ್ತಿರದ ನೆಂಟ, ಲಿಂಬೆ ಜಾತಿಯ ಎಲೆಯನ್ನೇ ತಿನ್ನುವ ಜಪಾನಿನ ಚಿಟ್ಟೆಯೊಂದರ ಕಣ್ಣನ್ನು ಕೆಂತಾರೊ ಅರಿಕಾವ ಮತ್ತು ಸಂಗಡಿಗರು ದಶಕಗಳ ಕಾಲ ಅಭ್ಯಾಸ ಮಾಡಿದ್ದಾರೆ. ಬಣ್ಣ ಗುರುತಿಸಲು ನಮ್ಮ ಕಣ್ಣಿನಲ್ಲಿ ಮೂರು ಬಗೆಯ ಕೋಶಗಳಿದ್ದರೆ ಅದರ ಕಣ್ಣಿನಲ್ಲಿ ಬೆಳಕು ಹಿಡಿಯುವ ಆರು ಬಗೆಯ ಕೋಶಗಳಿವೆ. ಅತಿನೇರಳೆಯಿಂದ ಕೆಂಪಿನವರೆಗೆ ಅದಕ್ಕೆ ಕಾಣುತ್ತದೆ. ಜೇನಿಗಂತೂ ಕೆಂಪು ಕಾಣುವುದಿಲ್ಲ. ಅಷ್ಟು ಬಣ್ಣ ನೋಡುವ ಕಣ್ಣಿನ ಮೂಲದ್ರವ್ಯ ಮರಿಹುಳ ಮೇಯ್ದ ಲಿಂಬೆ ಸೊಪ್ಪು. ಈ ಮಾತು ನನಗೆ ಯಾವಾಗ ನೆನಪಾದರೂ ಮೈ ಜುಮ್ಮೆನ್ನುತ್ತದೆ.

ಪ್ರಾಣಿಗಳಿಗೆ ಈ ಬಣ್ಣ ತಯಾರಿಸಲು ಬರುವುದಿಲ್ಲ ಎಂದಾಗ ಹೇಳಿದ ಅಪವಾದದ ಬಗ್ಗೆಯೂ ಒಂದು ಮಾತು. ನಮ್ಮ ಕುಸುಬೆಗೆ ಮುತ್ತುವ ಹೇನುಗಳನ್ನು ನೋಡಿ. ಹೇನಿನ ಜಾತಿಯವು ಎಲೆ ಅಗಿಯುವುದಿಲ್ಲ, ಸೊಂಡಿಲು ಚುಚ್ಚಿ ರಸ ಹೀರುತ್ತವೆ. ಆ ರಸದಲ್ಲಿ ಬಣ್ಣ ಅಷ್ಟಾಗಿ ಇರುವುದಿಲ್ಲ. ಬಟಾಣಿ ಗಿಡದ ಹೇನು ಕ್ಯಾರೊಟಿನಾಯ್ಡನ್ನು ತಾನೇ ತಯಾರಿಸಿಕೊಳ್ಳುತ್ತದೆಂದೂ, ಆ ವಂಶವಾಹಿಗಳು ಎಂದೋ ಒಂದು ಕಾಲದಲ್ಲಿ ಶಿಲೀಂಧ್ರದಿಂದ ಅದಕ್ಕೆ ಬಂದವೆಂದೂ ನ್ಯಾನ್ಸಿ ಮೊರಾನ್ ಮತ್ತು ಟೈಲರ್ ಜಾರ್ವಿಕ್ 2010ರಲ್ಲಿ ತೋರಿಸಿದರು.

ಇಷ್ಟು ಹೊತ್ತು ಬಣ್ಣದ ಮಾತಾಯಿತು. ಕಣ್ಣಿಗೆ ಬೇಕಾದದ್ದು ಅಷ್ಟೇ ಆಗಿದ್ದರೆ ಎಲೆ, ಪರಾಗ ತಿನ್ನುವ ಯಾವ ಹುಳದ ಬಗ್ಗೆಯೂ ಚಿಂತೆ ಇರುತ್ತಿರಲಿಲ್ಲ. ಕಣ್ಣಿನ ಕೋಶದಲ್ಲಿ ಆಪ್ಸಿನ್ ಕೂತಿರುವುದು ಕೊಬ್ಬಿನ ತೆಳು ಪೊರೆಯಲ್ಲಿ. ಆ ಪೊರೆ ಎಷ್ಟು ಸಡಿಲ, ಎಷ್ಟು ಬಿಗಿ ಎಂಬುದು ಅದರಲ್ಲಿರುವ ಕೊಬ್ಬಿನ ಜಾತಿಯ ಮೇಲೆ ನಿಂತಿದೆ. 2015ರಲ್ಲಿ ಇಂಗ್ಲೆಂಡಿನ ವಿಜ್ಞಾನಿಗಳು ಹಣ್ಣಿನ ನೊಣಗಳನ್ನು ಯೀಸ್ಟ್ ಆಹಾರದಲ್ಲಷ್ಟೇ ಬೆಳೆಸಿದರು. ಅದರಲ್ಲಿ ಬಹು ಅಪರ್ಯಾಪ್ತ ಕೊಬ್ಬು ಇರಲಿಲ್ಲ. ಕುಸುಬೆ, ಅಗಸೆ ಎಣ್ಣೆಯಲ್ಲಿ ಹೇರಳವಾಗಿರುವ ಜಾತಿಯ ಕೊಬ್ಬು ಅದು. ಆ ನೊಣಗಳ ಕಣ್ಣು ಬೆಳಕಿಗೆ ಸ್ಪಂದಿಸುವುದು ನಿಧಾನವಾಯಿತು. ಹಾರುವ ಹುಳಕ್ಕೆ ಇದು ಸಣ್ಣ ಸಂಗತಿಯಲ್ಲ. ಬೆಂಗಳೂರಿನಲ್ಲಿ ಓದಿ ಆಸ್ಟ್ರೇಲಿಯಾದಲ್ಲಿ ಸಂಶೋಧನೆ ನಡೆಸಿದ ಮಂಡ್ಯಂ ಶ್ರೀನಿವಾಸನ್ ತೋರಿಸಿಕೊಟ್ಟಂತೆ, ಜೇನು ಎಷ್ಟು ದೂರ ಬಂದೆ ಎಂದು ಅಳೆಯುವುದೂ, ಹೂವಿನ ಮೇಲೆ ಇಳಿಯುವಾಗ ವೇಗ ತಗ್ಗಿಸುವುದೂ ಕಣ್ಣೆದುರು ಸರಿದುಹೋಗುವ ದೃಶ್ಯದ ವೇಗದಿಂದ. ಬದುಕೇ ಆ ಕಣ್ಣಿನ ಚುರುಕಿನ ಮೇಲೆ ನಿಂತಿದೆ.

ನೊಣದ ಫಲಿತಾಂಶವನ್ನು ಎತ್ತಿ ಜೇನಿಗೆ ಹಚ್ಚುವುದು ನ್ಯಾಯವಲ್ಲ. ಜೇನಿನ ಮೇಲೆಯೇ ಆದ ಕೆಲಸವಿದೆ. ಇಸ್ರೇಲಿನ ವಿಜ್ಞಾನಿಗಳು 2015ರಲ್ಲಿ, ಒಮೆಗಾ-3 ಕೊಬ್ಬು ಕಡಿಮೆಯಿದ್ದ ಆಹಾರ ತಿಂದ ಜೇನುಗಳು ವಾಸನೆಗೂ ಸಿಹಿಗೂ ಇರುವ ನಂಟನ್ನು ಕಲಿಯುವುದರಲ್ಲಿ ಹಿಂದೆ ಬೀಳುತ್ತವೆಂದು ತೋರಿಸಿದರು. ಒಮೆಗಾ-3 ಕಡಿಮೆಯಿರುವ ಪರಾಗಗಳಲ್ಲಿ ನೀಲಗಿರಿಯದೂ ಒಂದು. ಅದು ಕಣ್ಣಿನ ಪರೀಕ್ಷೆಯಾಗಿರಲಿಲ್ಲ ನಿಜ. ಆದರೆ ಕಣ್ಣು ಹಿಡಿದುಕೊಟ್ಟದ್ದನ್ನು ಅರ್ಥ ಮಾಡಿಕೊಳ್ಳಬೇಕಾದದ್ದು ಮಿದುಳೇ ಅಲ್ಲವೇ? ಎಳವೆಯಲ್ಲಿ ಹೊಟ್ಟೆಗಿಲ್ಲದೆ ಬೆಳೆದ ಹಣ್ಣಿನ ನೊಣಗಳ ವಿಷಯವೂ ಇದಕ್ಕೆ ಸೇರುತ್ತದೆ. ಅವು ಗಿಡ್ಡವಾಗುತ್ತವೆ, ಕಣ್ಣೂ ಚಿಕ್ಕದಾಗುತ್ತದೆ, ವೇಗವಾಗಿ ಚಲಿಸುವುದನ್ನು ಬಿಡಿಸಿ ನೋಡುವ ಶಕ್ತಿ ತಗ್ಗುತ್ತದೆ.

ನನ್ನ ಕಳವಳ ಇಲ್ಲಿಂದ ಶುರು. ಜೇನಿನ ಮರಿ ಹೊರಗೆ ಹೋಗಿ ಮೇಯುವುದಿಲ್ಲ. ಪರಾಗ ತಿಂದ ದಾದಿ ಜೇನುಗಳು ತಮ್ಮ ಗ್ರಂಥಿಯಿಂದ ಸ್ರವಿಸಿದ್ದನ್ನು, ಆಮೇಲೆ ಅದರ ಜೊತೆ ಜೇನುತುಪ್ಪ, ಪರಾಗವನ್ನು ಅದಕ್ಕೆ ಉಣಿಸುತ್ತವೆ. ಸುಮಾರು ಐದು ಸಾವಿರ ಹಲ್ಲೆಗಳ ಅದರ ಕಣ್ಣು ಮೈದಾಳುವುದು ಆ ಉಣಿಸಿನಿಂದ. ಸುತ್ತಮುತ್ತ ಯಾವ ಹೂವಿತ್ತು ಎಂಬುದರ ಮೇಲೆ ಆ ಉಣಿಸು ನಿಂತಿದೆ. ಹಿಂದೆ ನಮ್ಮ ಎರಿ ಹೊಲದಲ್ಲಿ ಹಿಂಗಾರಿ ಬಿಳಿಜೋಳದ ನಡುವೆ ಅಕ್ಕಡಿ ಸಾಲು ಇರುತ್ತಿತ್ತು. ಕಡಲೆ, ಅಗಸೆ, ಕುಸುಬೆ ಎಲ್ಲ ಸೇರಿ ಬರುತ್ತಿದ್ದವು. ದನ ನುಗ್ಗದಿರಲೆಂದು ಹೊಲದ ಅಂಚಿಗೆ ಮುಳ್ಳಿನ ಕುಸುಬೆ ಬಿತ್ತುತ್ತಿದ್ದರು. ಒಂದು ಹೂವು ಬಾಡುವ ಹೊತ್ತಿಗೆ ಇನ್ನೊಂದು ಅರಳುತ್ತಿತ್ತು. ಈಗ ಮಳೆ ನಂಬಿದ ಹೊಲದಲ್ಲಿ ಕಣ್ಣು ಹಾಯ್ದಷ್ಟೂ ತೊಗರಿ, ಕಾಲುವೆ ನೀರು ಬಂದಲ್ಲಿ ಕಬ್ಬು. ಕಬ್ಬಿನ ಹೊಲದಲ್ಲಿ ಜೇನಿಗೆ ಸಿಗುವುದು ಅಷ್ಟಕ್ಕಷ್ಟೇ. ತೊಗರಿ ಹೂವಾದಾಗ ಹಬ್ಬ, ಮುಗಿದ ಮೇಲೆ ಉಪವಾಸ. ಆ ಹಬ್ಬದ ಹೊತ್ತಿನಲ್ಲೇ ನಾವು ಎಣ್ಣಿ ಹೊಡೆಯುತ್ತೇವೆ.

ಜೇನುಪೆಟ್ಟಿಗೆ ಇಟ್ಟ ಕೆಲವರು ಬ್ಯಾಸಗಿಯಲ್ಲಿ ಸಕ್ಕರೆ ಪಾಕ ಕೊಟ್ಟು ಕುಟುಂಬ ಉಳಿಸಿಕೊಳ್ಳುತ್ತಾರೆ. ಬದುಕಿಸಲು ಅದು ಬೇಕಾಗುತ್ತದೆ, ತಪ್ಪಲ್ಲ. ಆದರೆ ಪಾಕದಲ್ಲಿ ಪ್ರೋಟೀನ್ ಇಲ್ಲ, ಕೊಬ್ಬಿಲ್ಲ, ಕ್ಯಾರೊಟಿನಾಯ್ಡ್ ಇಲ್ಲ. ಹಾರಲು ಶಕ್ತಿ ಸಿಕ್ಕೀತು, ಮರಿಯ ಮೈ ಕಟ್ಟಲು ಸಾಲದು. ಬಾಗೇವಾಡಿ ಕಡೆಯಿಂದ ಒಬ್ಬರು ಪಾಕಕ್ಕೆ ಗಜ್ಜರಿ ರಸ ಬೆರೆಸಲೇ ಎಂದು ಕೇಳಿದ್ದಾರೆ. ಬೇಡ. ಪಾಕ ಹುಳಿತು ಪೆಟ್ಟಿಗೆ ಕೆಡುತ್ತದೆ. ಕಣ್ಣಿಗೆ ಬೇಕಾದಷ್ಟು ಬಣ್ಣ ಸಿಕ್ಕ ಹುಳಕ್ಕೆ ಇನ್ನಷ್ಟು ಕೊಟ್ಟರೆ ನೋಟ ಹೆಚ್ಚುವುದೂ ಇಲ್ಲ. ಇದು ಮನುಷ್ಯರಿಗೂ ಹೊಂದುವ ಮಾತು. ಅಗಸೆ ಎಣ್ಣೆ ಬೆರೆಸುವ ಯೋಚನೆಯೂ ಬೇಡ. ಜೇನು ತಿನ್ನುವುದು ಪರಾಗ, ಬೀಜವಲ್ಲ. ಹಲವು ಬಗೆಯ ಹೂವಿನ ಪರಾಗ ಬೆರೆತು ಬಂದರೆ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ.

ಹಾಗಾಗಿ ಈ ಸಲದ ಬಿತ್ತಿಗೆಯಲ್ಲಿ ಒಂದು ಬೇಡಿಕೆ. ಬದುವಿನ ಗುಂಟ ಎರಡು ಸಾಲು ಜೇನಿಗೆಂದು ಬಿಡಿ. ಮುಂಗಾರಿನಲ್ಲಿ ಎಳ್ಳು, ಸೂರ್ಯಕಾಂತಿ, ಹಿಂಗಾರಿನಲ್ಲಿ ಕುಸುಬೆ, ಅಗಸೆ, ಕೊತ್ತಂಬರಿ. ಕಾಳು ನಿಮಗೇ ಉಳಿಯುತ್ತದೆ. ಬದುವಿನ ಬೇವು, ಹೊಂಗೆ, ಹುಣಸೆ ಕಡಿಯಬೇಡಿ. ಬೇರೆಲ್ಲ ಒಣಗಿದ ದಿನಗಳಲ್ಲಿ ಹೂ ಬಿಡುವ ಮರಗಳಿವು. ಇಂಡಿಯ ಲಿಂಬೆ ಬೆಳೆಗಾರರು ಹಸ್ತ ಬಹಾರದ ಹೂವು ಬಿಟ್ಟಾಗ ಎಣ್ಣಿ ತಡೆದರೆ ಜೇನಿಗೂ ಊಟ, ಕಾಯಿಗೂ ಒಳ್ಳೆಯದು. ಬೆಳೆಗೆ ಯಾವ ಸಾಲು, ಎಷ್ಟು ಅಂತರ ಎಂಬುದನ್ನು ಇಂಡಿಯ ಇಲ್ಲವೇ ವಿಜಯಪುರದ ಹಿಟ್ಟಿನಹಳ್ಳಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಿಕೊಳ್ಳಿ. ತೊಗರಿ ಹೂವಿನಲ್ಲಿರುವಾಗ ಎಣ್ಣಿ ಹೊಡೆಯದೆ ಗತ್ಯಂತರವಿಲ್ಲ ಎಂದಾದರೆ ಸಂಜೆ, ಜೇನು ಗೂಡಿಗೆ ಮರಳಿದ ಮೇಲೆ ಹೊಡೆಯಿರಿ.